ಕೊಳದ ಬಸವನಹುಳು ಎಣಿಕೆ: ಒಂದೇ ತಿಂಗಳಲ್ಲಿ 420 ಇದ್ದದ್ದು 975 ಆಗಲು ಸಾಧ್ಯವೇ?

ಕೊಳದ_ಪ್ರಾಜೆಕ್ಟ್:

ಸುಮಾರು 200 ಚದರ ಮೀಟರ್‌ನ ಒಂದು ಕೊಳ. ಹೊರಗಿನಿಂದ ನೀರು ಬರುವುದೂ ಇಲ್ಲ, ಹರಿದು ಹೋಗುವುದೂ ಇಲ್ಲ. ಅದರಲ್ಲಿ ಎಷ್ಟು ಬಸವನಹುಳುಗಳಿವೆ, ಸಂಖ್ಯೆ ಯಾವ ವೇಗದಲ್ಲಿ ಬೆಳೆಯುತ್ತಿದೆ ಎಂದು ಅಳೆಯಬೇಕಿದೆ. ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವ ವಿಧಾನ ಬಳಸಿದ್ದೇವೆ: ಎರಡನೇ ಹಿಡಿತದಲ್ಲಿ ಗುರುತಿನವು ಎಷ್ಟು ಪಾಲೋ ಇಡೀ ಕೊಳದಲ್ಲೂ ಅಷ್ಟೇ ಪಾಲು ಎಂದು ಹಿಡಿಯುವುದು.

ಮೊದಲ ಸುತ್ತು: 84 ಹುಳುಗಳ ಚಿಪ್ಪಿಗೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟು ಬಿಟ್ಟೆವು. ಮಾರನೇ ದಿನ 70 ಹಿಡಿದಾಗ 14ರಲ್ಲಿ ಗುರುತು ಇತ್ತು. 84 × 70 ÷ 14 = 420.

ಎರಡನೇ ಸುತ್ತು, 30 ದಿನ ಕಳೆದು: 60 ಹುಳುಗಳಿಗೆ ಬಿಳಿ ಚುಕ್ಕೆ. ಮಾರನೇ ದಿನ ಹಿಡಿದ 65ರಲ್ಲಿ ಬಿಳಿ ಚುಕ್ಕೆ ಇದ್ದದ್ದು 4. 60 × 65 ÷ 4 = 975.

975ನ್ನು 420ರಿಂದ ಭಾಗಿಸಿ ಸಹಜ ಲಾಗ್ ತೆಗೆದರೆ ತಿಂಗಳಿಗೆ 0.84 ಬೆಳವಣಿಗೆ ದರ ಬರುತ್ತದೆ. 0.693 ÷ 0.84, ಅಂದರೆ ಸುಮಾರು 25 ದಿನಕ್ಕೆ ಸಂಖ್ಯೆ ದುಪ್ಪಟ್ಟು. ಈ ಲೆಕ್ಕ ಸರಿಯೇ? ಇದೇ ದರ ಹಿಡಿದು ಕೊಳದ ಧಾರಣಾ ಸಾಮರ್ಥ್ಯ (ಅದು ಹೆಚ್ಚೆಂದರೆ ಸಾಕಬಲ್ಲ ಹುಳುಗಳ ಸಂಖ್ಯೆ) ಎಷ್ಟು, ಅದನ್ನು ಯಾವಾಗ ಮುಟ್ಟುತ್ತದೆ ಎಂದು ಹೇಳಬಹುದೇ?


ಸರಾಸರಿ_ಮತ್ತು_ಚದರಿಕೆ:

ಗುಣಿಸಿದ್ದು, ಭಾಗಿಸಿದ್ದು ಎಲ್ಲ ಸರಿಯೇ ಇದೆ. ಸಂಖ್ಯೆ ಹೆಚ್ಚಾಗಿದೆ ಎನ್ನಲು ಮಾತ್ರ ಈ ಅಂಕಿಗಳು ಸಾಲವು. ಇಡೀ ತೊಂದರೆ ಆ 4ರಲ್ಲಿದೆ.

ಅದೇ ದಿನ ಬಲೆಗೆ ಗುರುತಿನ ಹುಳು ಒಂದೇ ಒಂದು ಹೆಚ್ಚು ಬಿದ್ದಿದ್ದರೆ ಉತ್ತರ 780. ಎರಡು ಹೆಚ್ಚು ಬಿದ್ದಿದ್ದರೆ 650. ಒಂದು ಕಡಿಮೆ ಬಿದ್ದಿದ್ದರೆ 1,300. ಕೈಗೆ ಸಿಗುವುದು ಬಿಡುವುದು ಅದೃಷ್ಟದ ಮಾತು. ಅಷ್ಟಕ್ಕೇ 650ರಿಂದ 1,300ರವರೆಗೆ ಜಿಗಿಯುವ ಅಂಕಿಯನ್ನು ಬರಿದೇ ‘975’ ಎಂದು ಬರೆಯಬಾರದು.

ಮೊದಲು ಸೂತ್ರ ಬದಲಿಸಿ. ನೀವು ಬಳಸಿದ್ದು ಪೀಟರ್ಸನ್ 1896ರಲ್ಲಿ ಮೀನುಗಳ ಅಧ್ಯಯನದಲ್ಲಿ, ಲಿಂಕನ್ 1930ರಲ್ಲಿ ಬಾತುಗಳ ಎಣಿಕೆಯಲ್ಲಿ ಬಳಕೆಗೆ ತಂದ ಅನುಪಾತ. ಮರುಹಿಡಿತ (ಎರಡನೇ ಸಲ ಸಿಕ್ಕ ಗುರುತಿನವು) ಕಡಿಮೆ ಇದ್ದಾಗ ಅದು ಹೆಚ್ಚಿನ ಕಡೆಗೇ ವಾಲುತ್ತದೆ. 1951ರಲ್ಲಿ ಚಾಪ್‌ಮನ್ ಕೊಟ್ಟ ತಿದ್ದುಪಡಿ ಸುಲಭ: ಮೂರೂ ಅಂಕಿಗಳಿಗೆ ಒಂದೊಂದು ಕೂಡಿಸಿ ಅದೇ ಲೆಕ್ಕ ಮಾಡಿ, ಕೊನೆಗೆ ಒಂದು ಕಳೆಯುವುದು.

ಮೊದಲ ಸುತ್ತು: 85 × 71 ÷ 15 − 1 = 401
ಎರಡನೇ ಸುತ್ತು: 61 × 66 ÷ 5 − 1 = 804

ನೋಡಿ, ಮೊದಲನೆಯದು 19 ಕಡಿಮೆಯಾದರೆ ಎರಡನೆಯದು 171 ಕಡಿಮೆಯಾಯಿತು. ಮರುಹಿಡಿತ ಕಡಿಮೆ ಇದ್ದ ಕಡೆಯೇ ಹೆಚ್ಚು ಉಬ್ಬಿತ್ತು.

ಈಗ ಚದರಿಕೆ, ಅಂದರೆ ಅಂದಾಜು ಎಷ್ಟು ಅಲುಗಾಡಬಹುದು ಎಂಬುದು. ಅದರ ವರ್ಗವೇ ವೇರಿಯನ್ಸ್. ವೇರಿಯನ್ಸ್‌ಗೆ ಮೇಲ್ಭಾಗದಲ್ಲಿ ನಾಲ್ಕು ಅಂಕಿಗಳ ಗುಣಲಬ್ಧ: ಗುರುತು ಹಾಕಿದ್ದು +1, ಎರಡನೇ ಸಲ ಹಿಡಿದದ್ದು +1, ಗುರುತು ಹಾಕಿದರೂ ಮತ್ತೆ ಸಿಗದವು, ಎರಡನೇ ಸಲ ಸಿಕ್ಕ ಗುರುತಿಲ್ಲದವು. ಕೆಳಗೆ (ಮರುಹಿಡಿತ +1)ರ ವರ್ಗ × (ಮರುಹಿಡಿತ +2).

ಮೊದಲ ಸುತ್ತು: 85 × 71 × 70 × 56 ÷ (225 × 16) = 6,571; ವರ್ಗಮೂಲ 81
ಎರಡನೇ ಸುತ್ತು: 61 × 66 × 56 × 61 ÷ (25 × 6) = 91,685; ವರ್ಗಮೂಲ 303

ಇದನ್ನು ± 1.96 ಪಟ್ಟು ಮಾಡಿ ಎರಡೂ ಕಡೆ ಸಮನಾಗಿ ಚಾಚುವುದು ರೂಢಿ. ಮರುಹಿಡಿತ ಕಡಿಮೆ ಇದ್ದಾಗ ಅದು ಚೆನ್ನಾಗಿ ಒಗ್ಗುವುದಿಲ್ಲ, ಏಕೆಂದರೆ ಅನಿಶ್ಚಿತತೆ ಮೇಲ್ಗಡೆಗೇ ಉದ್ದ. ಲಾಗ್ ಅಳತೆಯಲ್ಲಿ ಮಾಡಿದರೆ ಶೇ 95 ವ್ಯಾಪ್ತಿ ಮೊದಲ ಸುತ್ತಿಗೆ ಸುಮಾರು 271ರಿಂದ 594, ಎರಡನೆಯದಕ್ಕೆ 394ರಿಂದ 1,642. ಎರಡೂ ಒಂದರ ಮೇಲೊಂದು ಹಾಯ್ದಿವೆ.

ವ್ಯಾಪ್ತಿಗಳು ಹಾಯ್ದ ಮಾತ್ರಕ್ಕೆ ವ್ಯತ್ಯಾಸವಿಲ್ಲ ಎಂದಲ್ಲ, ಆದ್ದರಿಂದ ಬೆಳವಣಿಗೆ ದರಕ್ಕೇ ನೇರವಾಗಿ ವ್ಯಾಪ್ತಿ ಹಾಕಬೇಕು. 804 ÷ 401ರ ಲಾಗ್ 0.695. ಲಾಗ್ ಅಳತೆಯಲ್ಲಿ ಎರಡು ಸುತ್ತಿನ ದೋಷಗಳನ್ನು (ಸುಮಾರು 0.20 ಮತ್ತು 0.36) ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ ಸುಮಾರು 0.415. ಅಂದರೆ ತಿಂಗಳ ದರ −0.12ರಿಂದ 1.51ರ ನಡುವೆ ಎಲ್ಲಿಯಾದರೂ ಇರಬಹುದು. ಸೊನ್ನೆ ಅದರೊಳಗೇ ಇದೆ. ಕೊಳದಲ್ಲಿ ಹುಳುಗಳು ತುಸು ಕಡಿಮೆಯೇ ಆಗಿದ್ದರೂ ನಿಮಗೆ ಇದೇ ಅಂಕಿಗಳು ಸಿಗಬಹುದಿತ್ತು.

ಮುಂದಿನ ಸಲಕ್ಕೆ ಒಂದು ಅಳತೆಗೋಲು: ಶೇಕಡಾವಾರು ದೋಷ ಹೆಚ್ಚೆಂದರೆ 1 ÷ √ಮರುಹಿಡಿತ. ಸಂಖ್ಯೆ 400ರ ಆಸುಪಾಸಿನಲ್ಲಿದ್ದರೆ ಎರಡೂ ಸಲ ತಲಾ 140 ಹಿಡಿಯಿರಿ; ಸುಮಾರು 49 ಮರುಹಿಡಿತ, ದೋಷ ಹೆಚ್ಚೆಂದರೆ ಶೇ 14; ಇರುವುದರಲ್ಲಿ ದೊಡ್ಡ ಪಾಲನ್ನೇ ಹಿಡಿದಿರುವುದರಿಂದ ನಿಜಕ್ಕೆ ಶೇ 9ರಷ್ಟು. 800 ಇದ್ದರೆ ಅದೇ ನಿಖರತೆಗೆ ತಲಾ 220 ಬೇಕು. ನಿಮ್ಮ ಎರಡನೇ ಸುತ್ತಿನಲ್ಲಿ ಮೊದಲಿಗಿಂತ ಕಡಿಮೆ ಹಿಡಿದಿದ್ದೀರಿ. ಸಂಖ್ಯೆ ಹೆಚ್ಚಾಗಿರಬಹುದು ಎಂಬ ಅನುಮಾನ ಇದ್ದಾಗ ಹಿಡಿತವನ್ನೂ ಹೆಚ್ಚಿಸಬೇಕು.


ಚಿಪ್ಪಿನ_ಚುಕ್ಕೆ:

ಮೇಲಿನ ಲೆಕ್ಕ ಒಪ್ಪುತ್ತೇನೆ. ಆದರೆ ಆ ವ್ಯಾಪ್ತಿಗಳು ಹೇಳುವುದು ಅದೃಷ್ಟದಿಂದ ಬರುವ ತಪ್ಪನ್ನು ಮಾತ್ರ. ಹಿಡಿಯುವ ರೀತಿಯಲ್ಲೇ ತಪ್ಪಿದ್ದರೆ ಸಾವಿರ ಹುಳು ಹಿಡಿದರೂ ಸರಿಯಾಗುವುದಿಲ್ಲ. ಅಂಥ ಅಂಕಿ ಇನ್ನೂ ಅಪಾಯ, ವ್ಯಾಪ್ತಿ ಕಿರಿದಾಗಿ ನಂಬುವಂತೆ ಕಾಣುತ್ತದೆ, ಅಷ್ಟೇ.

ನಿಮ್ಮ ವಿವರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ‘ಮಾರನೇ ದಿನ’. ಬಸವನಹುಳು ಒಂದು ರಾತ್ರಿಯಲ್ಲಿ 200 ಚದರ ಮೀಟರ್ ತುಂಬ ಬೆರೆಯುವುದಿಲ್ಲ. ಗುರುತಿನವನ್ನೆಲ್ಲ ಒಂದೇ ಮೂಲೆಯಲ್ಲಿ ಬಿಟ್ಟು ಮರುದಿನ ಅಲ್ಲೇ ಹಿಡಿದರೆ ಗುರುತಿದ್ದವೇ ಹೆಚ್ಚು ಸಿಗುತ್ತವೆ, ಸಂಖ್ಯೆ ಕಡಿಮೆ ಬರುತ್ತದೆ. ಬೇರೆ ಮೂಲೆಯಲ್ಲಿ ಹಿಡಿದರೆ ಗುರುತು ಸಿಗುವುದೇ ಇಲ್ಲ, ಸಂಖ್ಯೆ ಉಬ್ಬುತ್ತದೆ. 14 ಮತ್ತು 4ರ ನಡುವಿನ ವ್ಯತ್ಯಾಸಕ್ಕೆ ಇದೊಂದೇ ಸಾಕು. ಕೊಳದ ಸುತ್ತ 8–10 ಜಾಗಗಳನ್ನು ಗೂಟ ನೆಟ್ಟು ಗೊತ್ತು ಮಾಡಿ. ಪ್ರತಿ ಜಾಗದ ಹುಳುಗಳನ್ನು ಬೇರೆ ಬೇರೆ ತಟ್ಟೆಯಲ್ಲಿಡಿ, ಗುರುತು ಹಾಕಿ ಅದದೇ ಜಾಗಕ್ಕೆ ಬಿಡಿ. ಮೂರು ನಾಲ್ಕು ದಿನ ಕೊಡಿ. ಎರಡನೇ ಸಲ ಪ್ರತಿ ಜಾಗದಲ್ಲೂ ಅಷ್ಟೇ ಹೊತ್ತು, ಉದಾಹರಣೆಗೆ 10 ನಿಮಿಷ, ಹುಡುಕಿ.

ಚುಕ್ಕೆ ಇಡುವ ಕೆಲಸದಲ್ಲಿ ಸಾಮಾನ್ಯವಾಗಿ ಕೆಡುವುದು ಚಿಪ್ಪಿನ ಪಾಚಿ. ಪಾಚಿಯ ಮೇಲೆ ಹಚ್ಚಿದ ಬಣ್ಣ ಪಾಚಿಯ ಜೊತೆಗೇ ಕಳಚುತ್ತದೆ. ಒರಟು ಬಟ್ಟೆಯಿಂದ ಚಿಪ್ಪನ್ನು ಉಜ್ಜಿ, ಒರೆಸಿ, ಒಣಗಿದ ಮೇಲೆ 2–3 ಮಿ.ಮೀ. ಚುಕ್ಕೆ ಇಡಿ. ನೆರಳಿನಲ್ಲಿ 10–15 ನಿಮಿಷ ಒಣಗಲಿ. ಬಿಸಿಲಿಗೆ ಇಟ್ಟರೆ ಹುಳುವೇ ಬಳಲುತ್ತದೆ, ಸತ್ತ ಗುರುತಿನ ಹುಳು ಲೆಕ್ಕದಲ್ಲಿ ಸಂಖ್ಯೆಯನ್ನು ಉಬ್ಬಿಸುತ್ತದೆ. ಬಾಯಿಯ ಅಂಚಿಗೆ ಹಚ್ಚಬೇಡಿ, ಚಿಪ್ಪು ಬೆಳೆಯುವುದು ಅಲ್ಲೇ. ತುದಿಗೂ ಬೇಡ, ಸವೆಯುತ್ತದೆ. ಎದ್ದು ಕಾಣುವ ಬಣ್ಣಕ್ಕಿಂತ ಮಂಕು ಬಣ್ಣ ಒಳ್ಳೆಯದು. ಕೆಂಪು, ಬಿಳಿ ಚುಕ್ಕೆ ನಿಮ್ಮ ಕಣ್ಣಿಗೆ ಬೀಳುವ ಹಾಗೆಯೇ ಹಕ್ಕಿಯ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆ: ಹಿಡಿಯುವಾಗ ನೀವೇ ಚುಕ್ಕೆ ಕಂಡದ್ದನ್ನು ಮೊದಲು ಎತ್ತುತ್ತೀರಿ. ಬಲೆ ಹಾಕಿ ಬಂದದ್ದನ್ನೆಲ್ಲ ಬುಟ್ಟಿಗೆ ಸುರಿದು, ದಡಕ್ಕೆ ಬಂದ ಮೇಲೆ ಗುರುತು ನೋಡಿದರೆ ಇದು ತಪ್ಪುತ್ತದೆ.

ಬಣ್ಣ ಕಳಚುತ್ತಿದೆಯೇ ಎಂದು ಊಹಿಸುವ ಬದಲು ಅಳೆಯಬಹುದು. ಪ್ರತಿ ಹುಳುವಿಗೂ ಎರಡು ಚುಕ್ಕೆ ಇಡಿ. ಮತ್ತೆ ಹಿಡಿದ 30ರಲ್ಲಿ 24ಕ್ಕೆ ಎರಡೂ ಉಳಿದು, 6ಕ್ಕೆ ಒಂದೇ ಉಳಿದಿದೆ ಎನ್ನೋಣ. ಒಂದು ಚುಕ್ಕೆ ಕಳಚುವ ಸಂಭವ = 6 ÷ (6 + 2 × 24) = 0.11. ಎರಡೂ ಕಳಚುವುದು ಅದರ ವರ್ಗ, ನೂರಕ್ಕೆ ಒಂದರಷ್ಟು, ಅದನ್ನು ಮರೆತುಬಿಡಬಹುದು. ಒಂದೇ ಚುಕ್ಕೆ ಇಟ್ಟಿದ್ದರೆ ಸಂಖ್ಯೆ ಶೇ 12ಕ್ಕೂ ಹೆಚ್ಚು ಉಬ್ಬುತ್ತಿತ್ತು. ಒಂದು ಚುಕ್ಕೆ ಹೋದರೆ ಇನ್ನೊಂದೂ ಹೋಗುವ ಸಂಭವ ಹೆಚ್ಚಾಗದಂತೆ ಎರಡನ್ನೂ ದೂರ ದೂರ ಇಡಿ.

ಎರಡು ಪ್ರಶ್ನೆ: ಹಿಡಿದದ್ದು ಅಂಚಿನಲ್ಲಿ ಮಾತ್ರವೇ? ಎಷ್ಟು ದೊಡ್ಡ ಹುಳುಗಳಿಗೆ ಗುರುತು ಹಾಕಿದಿರಿ?


ಕೊಳದ_ಪ್ರಾಜೆಕ್ಟ್:

ಎಲ್ಲವನ್ನೂ ಅಂಚಿನಿಂದ ಒಂದು ಮೀಟರ್ ಒಳಗೇ ಹಿಡಿದದ್ದು. 5 ಮಿ.ಮೀ.ಗಿಂತ ಸಣ್ಣವಕ್ಕೆ ಗುರುತು ಹಾಕಲು ಆಗುವುದಿಲ್ಲ, ಬಿಟ್ಟಿದ್ದೇವೆ. ಎರಡನೇ ಸುತ್ತಿನಲ್ಲಿ ಮೊದಲ ತಿಂಗಳ ಕೆಂಪು ಚುಕ್ಕೆಯವೂ ಸಿಕ್ಕವು: ಎರಡು ದಿನ ಸೇರಿ ಒಟ್ಟು 121 ಬೇರೆ ಬೇರೆ ಹುಳುಗಳು (60 + 65 − 4), ಅವುಗಳಲ್ಲಿ 11ಕ್ಕೆ ಕೆಂಪು ಚುಕ್ಕೆ. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.


ಸರಾಸರಿ_ಮತ್ತು_ಚದರಿಕೆ:

ಆ 11 ಈ ಇಡೀ ಪ್ರಶ್ನೆಯಲ್ಲಿ ಬಹಳ ಬೆಲೆಯುಳ್ಳ ಅಂಕಿ!

121ರಲ್ಲಿ 11, ಅಂದರೆ ಹನ್ನೊಂದಕ್ಕೆ ಒಂದು. ತಿಂಗಳ ಹಿಂದಿನ 84ರಲ್ಲಿ ಒಂದೂ ಸಾಯದೆ, ಒಂದರ ಬಣ್ಣವೂ ಹೋಗದೆ ಇದ್ದರೆ ಈಗಿನ ಸಂಖ್ಯೆ 84 × 11 = 924. ಕೆಲವು ಸತ್ತಿದ್ದರೆ ಆ ಪ್ರಮಾಣದಲ್ಲಿ ಇಳಿಸಬೇಕು. ಶೇ 87 ಉಳಿದಿದ್ದರೆ 804. ಅರ್ಧ ಮಾತ್ರ ಉಳಿದಿದ್ದರೆ 462. ಶೇ 43 ಉಳಿದಿದ್ದರೆ ಸುಮಾರು 400, ಅಂದರೆ ಸಂಖ್ಯೆ ಬೆಳೆದೇ ಇಲ್ಲ, ಸತ್ತಷ್ಟೇ ಹೊಸವು ಸೇರಿವೆ.

11ಕ್ಕೂ ಶೇ 30ರಷ್ಟು ಅಲುಗಾಟ ಇದ್ದೇ ಇದೆ, ಹಾಗಾಗಿ 924 ಕಲ್ಲಿನ ಮೇಲೆ ಕೆತ್ತಿದ ಗೆರೆಯಲ್ಲ. ಆದರೂ 4ರಿಂದ ಬಂದ 975ಕ್ಕಿಂತ ಇದು ಗಟ್ಟಿ. ಎರಡು ಸುತ್ತಿನಿಂದ ಬದುಕುಳಿದ ಪ್ರಮಾಣವನ್ನೂ ಹೊಸದಾಗಿ ಸೇರಿದ್ದನ್ನೂ ಬೇರ್ಪಡಿಸಲು ಬರುವುದಿಲ್ಲ. ಮೂರನೇ ಸುತ್ತು ಬೇಕೇ ಬೇಕು. 1965ರಲ್ಲಿ ಜಾಲಿ ಮತ್ತು ಸೀಬರ್ ಬೇರೆ ಬೇರೆಯಾಗಿ ಕೊಟ್ಟ ವಿಧಾನ ಇದಕ್ಕೇ ಇದೆ. ಹಳೆಯ ಬಣ್ಣಗಳನ್ನು ಯಾವತ್ತೂ ಬರೆಯದೆ ಬಿಡಬೇಡಿ.


ಚಿಪ್ಪಿನ_ಚುಕ್ಕೆ:

ಹಾಗಾದರೆ ನಿಮ್ಮ ಸಂಖ್ಯೆಯ ಪೂರ್ತಿ ಹೆಸರು ‘ಅಂಚಿನ ಒಂದು ಮೀಟರ್‌ಗೆ ಬಂದುಹೋಗುವ, 5 ಮಿ.ಮೀ.ಗಿಂತ ದೊಡ್ಡ ಬಸವನಹುಳುಗಳು’. ಕೊಳದ ಒಟ್ಟು ಸಂಖ್ಯೆ ಅಲ್ಲ.

ಮೊದಲ ಸುತ್ತಿನಲ್ಲಿ 4 ಮಿ.ಮೀ. ಇದ್ದವು ತಿಂಗಳಲ್ಲಿ 6 ಮಿ.ಮೀ. ಆದರೆ ಒಂದು ಮೊಟ್ಟೆಯೂ ಒಡೆಯದೆ ನಿಮ್ಮ ಸಂಖ್ಯೆ ಏರುತ್ತದೆ. ಅದು ಹುಟ್ಟು ಅಲ್ಲ, ಗಾತ್ರದ ಗೆರೆ ದಾಟಿದ್ದು. ಹಿಡಿದ ಪ್ರತಿ ಹುಳುವಿನ ಚಿಪ್ಪಿನ ಎತ್ತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು 1 ಮಿ.ಮೀ. ಅಂತರದ ಕಂಬನಕ್ಷೆ ಹಾಕಿ. 5–7 ಮಿ.ಮೀ. ಕಂಬಗಳು ಎರಡನೇ ತಿಂಗಳು ಎತ್ತರವಾಗಿದ್ದರೆ ಎಲ್ಲಿಂದ ಬಂದವು ಎಂದು ಅಲ್ಲೇ ಗೊತ್ತಾಗುತ್ತದೆ.

ಅಂಚಿನ ವಿಷಯವೂ ಹಾಗೆಯೇ. ಶ್ವಾಸಕೋಶದಿಂದ ಉಸಿರಾಡುವ ಜಾತಿಯವಾದರೆ ನೀರಿನಲ್ಲಿ ಆಮ್ಲಜನಕ ಇಳಿದ ಹೊತ್ತಿನಲ್ಲಿ ಮೇಲಕ್ಕೂ ಅಂಚಿಗೂ ಹೆಚ್ಚು ಬರುತ್ತವೆ. ಬೆಳಗಿನ ಜಾವದ ಎಣಿಕೆಯನ್ನೂ ಮಧ್ಯಾಹ್ನದ ಎಣಿಕೆಯನ್ನೂ ಹೋಲಿಸಿದರೆ ಬೆಳೆದದ್ದು ಸಂಖ್ಯೆಯಲ್ಲ, ಕಾಣಿಸಿಕೊಳ್ಳುವ ಪ್ರಮಾಣ. ಎಲ್ಲ ಸುತ್ತೂ ಒಂದೇ ಹೊತ್ತಿಗೆ ಮಾಡಿ, ನೀರಿನ ಉಷ್ಣತೆ ಬರೆದಿಡಿ.


ಚೌಕಟ್ಟು_ಹಿಡಿದವರು:

ಇಷ್ಟು ನಿಧಾನ ನಡೆಯುವ ಪ್ರಾಣಿಗೆ ಗುರುತು ಹಾಕುವ ಗೋಜೇ ಏಕೆ? ಚೌಕಟ್ಟು ಇಟ್ಟು ಎಣಿಸಿ. ಓಡಿಹೋಗದ್ದಕ್ಕೆ ಅದೇ ನೇರ ದಾರಿ, ಸಣ್ಣ ಮರಿಗಳೂ ಲೆಕ್ಕಕ್ಕೆ ಬರುತ್ತವೆ.

ಅರ್ಧ ಮೀಟರ್ × ಅರ್ಧ ಮೀಟರ್ ಚೌಕಟ್ಟು, ಅಂದರೆ 0.25 ಚದರ ಮೀಟರ್. ಆಳ ಕಡಿಮೆ ಇರುವಲ್ಲಿ ತಳವಿಲ್ಲದ ಪೆಟ್ಟಿಗೆಯನ್ನು ಕೆಸರಿಗೆ ಒತ್ತಿ, ಒಳಗಿನ ಗಿಡ, ಮೇಲ್ಕೆಸರು ಎಲ್ಲ ಜಾಲರಿಯಿಂದ ತೆಗೆದು ಬಿಳಿ ತಟ್ಟೆಯಲ್ಲಿ ಎಣಿಸಿ. ಸತತ ಮೂರು ಸಲ ಜಾಲರಿ ಎಳೆದರೂ ಒಂದೂ ಬಾರದಿದ್ದಾಗ ನಿಲ್ಲಿಸಿ. ಗೆರೆಯ ಮೇಲೆ ಕೂತ ಹುಳುವಿಗೆ ಮೊದಲೇ ನಿಯಮ ಇರಲಿ: ಎಡ ಮತ್ತು ಮೇಲಿನ ಗೆರೆಯವು ಲೆಕ್ಕಕ್ಕೆ, ಬಲ ಮತ್ತು ಕೆಳಗಿನವು ಇಲ್ಲ. ಇಲ್ಲದಿದ್ದರೆ ಕೈ ಎಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ.

ಚೌಕಟ್ಟನ್ನು ಎಸೆಯಬೇಡಿ. ಎಸೆತ ಯಾದೃಚ್ಛಿಕ ಎಂದು ಹೇಳುವುದಷ್ಟೇ, ಕೈ ಹುಳು ಇರುವ ಕಡೆಗೇ ಎಸೆಯುತ್ತದೆ. ಎರಡು ಬದಿಗೆ ಟೇಪು ಹಾಸಿ, ಯಾದೃಚ್ಛಿಕ ಅಂಕಿಗಳ ಜೋಡಿಯಿಂದ ಜಾಗ ಆರಿಸಿ. ಅಂಚು ಮತ್ತು ಒಳಭಾಗವನ್ನು ಬೇರೆ ಬೇರೆ ವಲಯವೆಂದು ಇಟ್ಟುಕೊಂಡು, ಪ್ರತಿ ವಲಯದ ಸರಾಸರಿಯನ್ನು ಆ ವಲಯದ ವಿಸ್ತೀರ್ಣಕ್ಕೆ ಗುಣಿಸಿ ಕೂಡಿಸಿ. ಎಲ್ಲ ಚೌಕಗಳ ಒಂದೇ ಸರಾಸರಿ ತೆಗೆದರೆ ಹುಳು ದಟ್ಟವಾಗಿರುವ ಅಂಚು ಇಡೀ ಕೊಳವನ್ನು ನುಂಗುತ್ತದೆ.

ಎಷ್ಟು ಚೌಕ? ಮೊದಲು 10–15 ಇಟ್ಟು ನೋಡಿ. ಸರಾಸರಿ 3, ವೇರಿಯನ್ಸ್ 18 ಬಂದರೆ, 18 ÷ 3 = 6; ಒಂದಕ್ಕಿಂತ ಬಹಳ ಹೆಚ್ಚು, ಹುಳುಗಳು ಗುಂಪು ಗುಂಪಾಗಿವೆ ಎಂದರ್ಥ. ಶೇ 20 ದೋಷ ಸಾಕಾದರೆ 18 ÷ (9 × 0.04) = 50 ಚೌಕ. ಶೇ 10 ಬೇಕಾದರೆ 200. ದೋಷ ಅರ್ಧವಾಗಲು ಕೆಲಸ ನಾಲ್ಕು ಪಟ್ಟು. ಇಂಥಲ್ಲಿ ದೊಡ್ಡ ಚೌಕ ಕೆಲವಕ್ಕಿಂತ ಸಣ್ಣ ಚೌಕ ಹಲವು ಮೇಲು.


ಚಿಪ್ಪಿನ_ಚುಕ್ಕೆ:

50 ಚೌಕದ ಕೆಸರು ಕೆದಕಿದರೆ ಮುಂದಿನ ತಿಂಗಳ ಎಣಿಕೆಗೆ ಅದೇ ಕೊಳ ಉಳಿದಿರುವುದಿಲ್ಲ. 12.5 ಚದರ ಮೀಟರ್, ಕೊಳದ ಶೇ 6ಕ್ಕೂ ಹೆಚ್ಚು. ಒಂದು ಸಲದ ಎಣಿಕೆಗೆ ಚೌಕ ಒಳ್ಳೆಯದು. ತಿಂಗಳು ತಿಂಗಳೂ ಬದಲಾವಣೆ ನೋಡಲು ಗುರುತೇ ವಾಸಿ, ಬದುಕುಳಿದ ಪ್ರಮಾಣವೂ ಸಿಗುತ್ತದೆ. ಬೇಕಾದರೆ ಮೊದಲ ಮತ್ತು ಕೊನೆಯ ತಿಂಗಳು ಮಾತ್ರ ಎರಡನ್ನೂ ಮಾಡಿ ಹೋಲಿಸಲಿ.


ವಕ್ರರೇಖೆ:

ಧಾರಣಾ ಸಾಮರ್ಥ್ಯದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ.

ಎರಡು ಬಿಂದುಗಳಿಂದ ಅದು ಬರುವುದಿಲ್ಲ. ಲಾಜಿಸ್ಟಿಕ್ ರೇಖೆಗೆ (ಮೊದಲು ವೇಗವಾಗಿ ಏರಿ, ಮೇಲ್ಮಿತಿಯ ಹತ್ತಿರ ಸಮತಟ್ಟಾಗುವ ಬೆಳವಣಿಗೆಯ ರೇಖೆ) ಗೊತ್ತಿಲ್ಲದವು ಮೂರು: ಆರಂಭದ ಸಂಖ್ಯೆ, ದರ, ಮೇಲ್ಮಿತಿ. ಮೂರು ಬಿಂದು ಸಿಕ್ಕ ಕೂಡಲೇ ಕಂಪ್ಯೂಟರ್ ಒಂದು ಮೇಲ್ಮಿತಿ ಹೇಳುತ್ತದೆ, ಆದರೆ ಅದಕ್ಕೆ ಬೆಲೆಯಿಲ್ಲ. ರೇಖೆ ತಿರುಗುವುದು ಮೇಲ್ಮಿತಿಯ ಅರ್ಧದಲ್ಲಿ. ಅಂಕಿಗಳು ಆ ತಿರುವನ್ನು ದಾಟಿರದಿದ್ದರೆ ಸಾವಿರದ ಮೇಲ್ಮಿತಿಗೂ ಹತ್ತು ಸಾವಿರದ ಮೇಲ್ಮಿತಿಗೂ ವ್ಯತ್ಯಾಸ ಅವಕ್ಕೆ ಗೊತ್ತಾಗುವುದಿಲ್ಲ. ದಾಟಿದ್ದರೂ ಎಚ್ಚರ ಬೇಕು. ಪರ್ಲ್ ಮತ್ತು ರೀಡ್ 1920ರಲ್ಲಿ ಅಮೆರಿಕದ ಜನಗಣತಿ ಅಂಕಿಗಳಿಗೆ ಈ ರೇಖೆಯನ್ನು ಬಹಳ ಅಂದವಾಗಿ ಹೊಂದಿಸಿದರು. ಮೇಲ್ಮಿತಿ ಸುಮಾರು 19.7 ಕೋಟಿ ಎಂದು ಬಂತು. 2020ರ ಗಣತಿಯಲ್ಲಿ ಅಲ್ಲಿದ್ದವರು 33.1 ಕೋಟಿ. ರೇಖೆ ಹಳೆಯ ಬಿಂದುಗಳ ಮೇಲೆ ಚೆನ್ನಾಗಿ ಕೂತಿತ್ತು, ಮೇಲ್ಮಿತಿಯೇ ಜಾಗ ಬದಲಿಸಿತು.

ಇನ್ನೊಂದು ತಪ್ಪು ಕಲ್ಪನೆ, ಸಂಖ್ಯೆ ಮೇಲ್ಮಿತಿಗೆ ಮೆಲ್ಲಗೆ ಬಂದು ತಂಗುತ್ತದೆ ಎಂಬುದು. ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪಕ್ಕೆ 1944ರಲ್ಲಿ 29 ಹಿಮಸಾರಂಗಗಳನ್ನು ತಂದುಬಿಟ್ಟರು. 1963ರಲ್ಲಿ ಸುಮಾರು 6,000. ವರ್ಷಕ್ಕೆ ಸರಾಸರಿ ಶೇ 32ರ ಏರಿಕೆ. ಅವು ಚಳಿಗಾಲದಲ್ಲಿ ನಂಬಿದ್ದ ಕಲ್ಲುಹೂವು ತಿಂದ ವೇಗಕ್ಕೆ ಮತ್ತೆ ಬೆಳೆಯುವಂಥದ್ದಲ್ಲ. ಮುಂದಿನ ಕಠಿಣ ಚಳಿಗಾಲ ಕಳೆದು 1966ರಲ್ಲಿ ಎಣಿಸಿದಾಗ ಉಳಿದದ್ದು 42. ಆಹಾರ ಕರಗುವುದಕ್ಕೂ ಹುಟ್ಟು ಸಾವು ಅದಕ್ಕೆ ಸ್ಪಂದಿಸುವುದಕ್ಕೂ ನಡುವೆ ತಡವಾದರೆ ಸಂಖ್ಯೆ ಮಿತಿಯನ್ನು ದಾಟಿ ಹೋಗಿ ಬೀಳುತ್ತದೆ. ತಲೆಮಾರುಗಳು ಒಂದರ ಮೇಲೊಂದು ಹಾಯದ ಕೀಟಗಳಲ್ಲಿ ಈ ತಡ ಸೂತ್ರದಲ್ಲೇ ಇರುತ್ತದೆ. ಒಂದು ತಲೆಮಾರಿನ ಸಂಖ್ಯೆಯಿಂದ ಮುಂದಿನದನ್ನು ಹೇಳುವ ರಿಕರ್ ಸಮೀಕರಣದಲ್ಲಿ ದರ 2 ದಾಟಿದರೆ ಸಂಖ್ಯೆ ಒಂದು ತಲೆಮಾರು ಮೇಲೆ, ಒಂದು ಕೆಳಗೆ ಎಂದು ತೂಗಾಡುತ್ತದೆ, 2.69 ದಾಟಿದರೆ ಲಯವೇ ತಪ್ಪುತ್ತದೆ. ಹವಾಮಾನದ ಹಂಗಿಲ್ಲ, ಬರೀ ಸೂತ್ರದಿಂದಲೇ.

ನಿಮ್ಮ ಕೊಳಕ್ಕೆ ಬಂದರೆ, ಕನಿಷ್ಠ 8–10 ಸುತ್ತು ಆದ ಮೇಲೆ ಹೀಗೆ ಮಾಡುವ ಆಸೆ ಹುಟ್ಟುತ್ತದೆ: ಪ್ರತಿ ತಿಂಗಳ ಬೆಳವಣಿಗೆ ದರವನ್ನು ಆ ತಿಂಗಳ ಆರಂಭದ ಸಂಖ್ಯೆಯ ಎದುರು ಗುರುತಿಸಿ, ಇಳಿಜಾರಿನ ಗೆರೆ ಎಳೆದು, ಅದು ಸೊನ್ನೆಯನ್ನು ಮುಟ್ಟುವಲ್ಲಿ ‘ಧಾರಣಾ ಸಾಮರ್ಥ್ಯ’ ಎಂದು ಬರೆಯುವುದು. ಇಲ್ಲಿ ಒಂದು ಹಳ್ಳ ಇದೆ. ನಿಜದ ಸಂಖ್ಯೆ ಸದಾ 400 ಎಂದುಕೊಳ್ಳಿ. ಎಣಿಕೆಯ ತಪ್ಪಿನಿಂದ 480, 350, 440, 330 ಬಂದಿವೆ. 480ರ ನಂತರ ಇಳಿಕೆ, 350ರ ನಂತರ ಏರಿಕೆ, 440ರ ನಂತರ ಮತ್ತೆ ಇಳಿಕೆ. ದಟ್ಟಣೆ ಹೆಚ್ಚಾದಾಗ ಬೆಳವಣಿಗೆ ತಗ್ಗುತ್ತದೆ ಎಂಬ ‘ನಿಯಮ’ ಬರೀ ಎಣಿಕೆಯ ತಪ್ಪಿನಿಂದಲೇ ಹುಟ್ಟಿತು. ಹೆಚ್ಚು ಎಣಿಸಿದ ತಿಂಗಳ ಮುಂದಿನದು ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಆದ್ದರಿಂದ ಎಣಿಕೆಯ ದೋಷವನ್ನೂ ಕೊಳದ ನಿಜವಾದ ಏರಿಳಿತವನ್ನೂ ಬೇರೆ ಬೇರೆ ಅಂದಾಜು ಮಾಡುವ ಸ್ಟೇಟ್-ಸ್ಪೇಸ್ ಮಾದರಿ ಬಳಸಿ. ಅದು ಕೈಲಾಗದಿದ್ದರೆ ಮೇಲ್ಮಿತಿಯ ಮಾತನ್ನೇ ಬಿಟ್ಟು, ಲಾಗ್ ಸಂಖ್ಯೆ ಮತ್ತು ಕಾಲದ ನಡುವಿನ ಸರಳ ಗೆರೆಯನ್ನು ವ್ಯಾಪ್ತಿಯ ಸಮೇತ ಕೊಡಿ.


ಕೊಳದ_ಪ್ರಾಜೆಕ್ಟ್:

ವರದಿಯಲ್ಲಿ ಲಾಜಿಸ್ಟಿಕ್ ರೇಖೆ ಒಂದನ್ನಾದರೂ ಅಳೆದು ತೋರಿಸಲೇಬೇಕಿದೆ. ಕೊಳದಲ್ಲಿ ಆಗದಿದ್ದರೆ ಬೇರೆ ಏನು?


ವಕ್ರರೇಖೆ:

ಯೀಸ್ಟ್. ಒಂದೇ ದಿನದ ಕೆಲಸ.

ಶೇ 2 ಗ್ಲೂಕೋಸ್ ಇರುವ ಯೀಸ್ಟ್ ಸಾರದ ದ್ರಾವಣ, 30 ಡಿಗ್ರಿ ಸೆಲ್ಸಿಯಸ್, ಸತತ ಅಲುಗಾಟ. ಮಿ.ಲೀ.ಗೆ ಸುಮಾರು ಒಂದು ಲಕ್ಷ ಕೋಶಗಳಿಂದ ಶುರು ಮಾಡಿ. ಬೇಕರಿ ಯೀಸ್ಟ್ ಈ ಸ್ಥಿತಿಯಲ್ಲಿ ಒಂದೂವರೆಯಿಂದ ಎರಡು ಗಂಟೆಗೆ ದುಪ್ಪಟ್ಟಾಗುತ್ತದೆ. ಹತ್ತು ಸಲ ದುಪ್ಪಟ್ಟಾದರೆ ಸಾವಿರ ಪಟ್ಟು, ಅಂದರೆ ಮಿ.ಲೀ.ಗೆ ಹತ್ತು ಕೋಟಿ. ರೇಖೆ ಬಾಗುವುದು ಆ ಸುಮಾರಿಗೆ. ಎರಡು ಗಂಟೆಗೊಮ್ಮೆ, 24 ಗಂಟೆ ಎಣಿಸಿ.

ಎಣಿಕೆಗೆ ಹೀಮೋಸೈಟೋಮೀಟರ್, ಅಂದರೆ ಸೂಕ್ಷ್ಮದರ್ಶಕದಡಿ ಕೋಶ ಎಣಿಸಲು ಚೌಕಗಳನ್ನು ಕೊರೆದ ಗಾಜಿನ ಪಟ್ಟಿ. ದೊಡ್ಡ ಚೌಕ 1 ಮಿ.ಮೀ. × 1 ಮಿ.ಮೀ., ಆಳ 0.1 ಮಿ.ಮೀ.; ಅದರೊಳಗಿನ ದ್ರವ ಒಂದು ಮಿ.ಲೀ.ನ ಹತ್ತು ಸಾವಿರದ ಒಂದು ಭಾಗ. ಆದ್ದರಿಂದ ದೊಡ್ಡ ಚೌಕದ ಸರಾಸರಿ × 10,000 × ತೆಳುಮಾಡಿದ ಪಟ್ಟು = ಮಿ.ಲೀ.ಗೆ ಕೋಶಗಳು. ಒಟ್ಟು 200 ಕೋಶವಾದರೂ ಎಣಿಸಿ, ಆಗ ದೋಷ ಶೇ 7ರಷ್ಟು. ಮೊದಲ ಕೆಲವು ಗಂಟೆ ಕೋಶಗಳು ಬಹಳ ವಿರಳ, 200 ಸಿಗಲು ಹಲವು ಸಲ ತುಂಬಬೇಕಾಗುತ್ತದೆ. ಮೊಗ್ಗು (ಯೀಸ್ಟ್ ಕೋಶದಿಂದ ಚಿಗುರುವ ಮರಿಕೋಶ) ತಾಯಿಕೋಶದ ಅರ್ಧದಷ್ಟಾದರೆ ಮಾತ್ರ ಬೇರೆ ಎಂದು ಎಣಿಸುವ ನಿಯಮ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ. ಮಾದರಿ ತೆಗೆಯುವ ಮುನ್ನ ಫ್ಲಾಸ್ಕ್ ಅಲುಗಾಡಿಸಿ, ಯೀಸ್ಟ್ ಬೇಗ ತಳಕ್ಕೆ ಕೂರುತ್ತದೆ. ಮರೆತ ಗಂಟೆಯ ಬಿಂದು ರೇಖೆಯಿಂದ ಕೆಳಗೆ ಬಿದ್ದಿರುತ್ತದೆ.

ಮೆಥಿಲೀನ್ ಬ್ಲೂ ಹಾಕಿದರೆ ಸತ್ತ ಕೋಶ ನೀಲಿಯಾಗುತ್ತದೆ. ಕೊನೆಯ ಗಂಟೆಗಳಲ್ಲಿ ಇದು ಬೇಕು, ಏಕೆಂದರೆ ಒಟ್ಟು ಸಂಖ್ಯೆ ಸಮತಟ್ಟಾಗಿ ಕಂಡರೂ ಜೀವಂತ ಸಂಖ್ಯೆ ಇಳಿಯುತ್ತಿರಬಹುದು. ಮಬ್ಬುತನ ಅಳೆಯುವ ಯಂತ್ರ ಇದ್ದರೆ ಓದು 0.4 ದಾಟಿದ ಕೂಡಲೇ ತೆಳುಮಾಡಿ ಅಳೆಯಿರಿ. ಇಲ್ಲದಿದ್ದರೆ ಯಂತ್ರವೇ ಬಾಗಿ, ಯೀಸ್ಟ್ ಬಾಗಿತು ಎಂದು ನೀವು ಬರೆಯುತ್ತೀರಿ.


ಸರಾಸರಿ_ಮತ್ತು_ಚದರಿಕೆ:

ಕೊಳದ ಮುಂದಿನ ತಿಂಗಳುಗಳಿಗೆ ನನ್ನ ಸಲಹೆ: ತಿಂಗಳಿಗೆ ಎರಡರ ಬದಲು ನಾಲ್ಕು ಹಿಡಿತ, 1, 4, 7, 10ನೇ ದಿನ. ಈ ಹತ್ತು ದಿನದೊಳಗೆ ಸಂಖ್ಯೆ ಬದಲಾಗಿಲ್ಲ ಎಂದಿಟ್ಟುಕೊಂಡು ಆ ತಿಂಗಳ ಸಂಖ್ಯೆ. ತಿಂಗಳು ತಿಂಗಳ ನಡುವೆ ಹಳೆಯ ಬಣ್ಣಗಳಿಂದ ಬದುಕುಳಿದ ಪ್ರಮಾಣ. 1982ರಲ್ಲಿ ಪೊಲಾಕ್ ಸೂಚಿಸಿದ ವಿನ್ಯಾಸ ಇದೇ.

ತಿಂಗಳೊಳಗಿನ ಲೆಕ್ಕಕ್ಕೆ ಷ್ನಾಬೆಲ್ ವಿಧಾನ. ಪ್ರತಿ ಹಿಡಿತದಲ್ಲೂ ‘ಈಗ ಹಿಡಿದದ್ದು × ಇದಕ್ಕೆ ಮೊದಲು ಕೊಳದಲ್ಲಿದ್ದ ಗುರುತಿನವು’ ಬರೆದು ಕೂಡಿಸಿ, ಒಟ್ಟು ಮರುಹಿಡಿತ +1ರಿಂದ ಭಾಗಿಸುವುದು. ಅಂಕಿಗಳು ಊಹೆಯವು:

1ನೇ ದಿನ: 50 ಹಿಡಿತ, ಎಲ್ಲಕ್ಕೂ ಗುರುತು
4ನೇ ದಿನ: 55 ಹಿಡಿತ, ಗುರುತಿದ್ದವು 7; 55 × 50 = 2,750; ಹೊಸ ಗುರುತು 48
7ನೇ ದಿನ: 48 ಹಿಡಿತ, ಗುರುತಿದ್ದವು 10; 48 × 98 = 4,704; ಹೊಸ ಗುರುತು 38
10ನೇ ದಿನ: 60 ಹಿಡಿತ, ಗುರುತಿದ್ದವು 22; 60 × 136 = 8,160

15,614 ÷ (39 + 1) = 390. ಒಂದೊಂದು ಹಿಡಿತ ಚಿಕ್ಕದಾದರೂ ಕೈಗೆ 39 ಮರುಹಿಡಿತ ಬಂತು.

ಇದರ ಜೊತೆಗೆ ತಪಾಸಣೆಯೂ ಸಿಗುತ್ತದೆ. ಹಿಡಿತದಲ್ಲಿ ಗುರುತಿದ್ದವುಗಳ ಪಾಲನ್ನು (0.13, 0.21, 0.37) ಆ ಹೊತ್ತಿಗೆ ಇದ್ದ ಗುರುತುಗಳ (50, 98, 136) ಎದುರು ಇಟ್ಟು ನೋಡಿ. ಬಿಂದುಗಳು ಸೊನ್ನೆಯಿಂದ ಹೊರಟ ನೇರ ಗೆರೆಯ ಆಸುಪಾಸಿನಲ್ಲಿರಬೇಕು. ಗೆರೆ ಕೊನೆಯಲ್ಲಿ ಕೆಳಕ್ಕೆ ಬಾಗಿದರೆ ಬಣ್ಣ ಕಳಚುತ್ತಿದೆ, ಗುರುತಿನವು ಸಾಯುತ್ತಿವೆ, ಅಥವಾ ಹೊಸವು ಬಂದು ಸೇರುತ್ತಿವೆ. ಯಾವುದೆಂದು ಎರಡು ಚುಕ್ಕೆಯ ಲೆಕ್ಕ ಮತ್ತು ಗಾತ್ರದ ಕಂಬನಕ್ಷೆ ಹೇಳುತ್ತವೆ.

ಹಾಳೆಯಲ್ಲಿ ಹುಳುವಿಗೊಂದು ಸಾಲು: ದಿನಾಂಕ, ಹೊತ್ತು, ಜಾಗದ ಸಂಖ್ಯೆ, ಚಿಪ್ಪಿನ ಎತ್ತರ, ಕಂಡ ಬಣ್ಣಗಳೆಲ್ಲ, ಪ್ರತಿ ಬಣ್ಣದಲ್ಲಿ ಉಳಿದ ಚುಕ್ಕೆ ಒಂದೋ ಎರಡೋ. ಸತ್ತ ಖಾಲಿ ಚಿಪ್ಪು ಸಿಕ್ಕರೆ ಅದನ್ನೂ ಬರೆಯಿರಿ, ಆದರೆ ಬೇರೆ ಹಾಳೆಯಲ್ಲಿ.